ಪಿಸ್ತೂಲು ಕುರ್ಚಿಯಲ್ಲ

ಸರಕಾರದ ಕಡತಗಳ ನಡುವೆ ಹಗಲು ಕಳೆಯುವ ನಮ್ಮಂಥವರಿಗೆ ‘ಎಲ್-ಒನ್’ ಎಂಬ ಪದ ಮಂತ್ರದಷ್ಟೇ ಬಾಯಿಪಾಠ. ತಾಂತ್ರಿಕ ಅರ್ಹತೆಯ ಜರಡಿಯಲ್ಲಿ ಉಳಿದವರ ಪೈಕಿ ಅತಿ ಕಡಿಮೆ ಬೆಲೆ ಬರೆದವನಿಗೆ ಗುತ್ತಿಗೆ ಸಲ್ಲಬೇಕು ಎಂಬುದು ಅದರ ಸಾರ. ಕುರ್ಚಿಗೆ, ಕಪಾಟಿಗೆ, ಕಾಗದಕ್ಕೆ ಈ ನಿಯಮ ಒಪ್ಪುತ್ತದೆ. ಕುರ್ಚಿಯ ಕಾಲು ಮುರಿದರೆ ಕುಳಿತವನು ಎದ್ದು ಇನ್ನೊಂದನ್ನು ಎಳೆದುಕೊಳ್ಳುತ್ತಾನೆ. ಆದರೆ ಹತ್ತು ವರ್ಷ ಸೊಂಟದಲ್ಲಿ ಸುಮ್ಮನೆ ತೂಗಾಡಿ, ಹನ್ನೊಂದನೆಯ ವರ್ಷದ ಯಾವುದೋ ಒಂದು ರಾತ್ರಿ ಮೂರೇ ಸೆಕೆಂಡು ಕೆಲಸ ಮಾಡಬೇಕಾದ ವಸ್ತುವಿಗೆ ಈ ನಿಯಮ ಸಾಲದು. ಅರೆಸ್ವಯಂಚಾಲಿತ ಪಿಸ್ತೂಲು ಅಂಥ ವಸ್ತು. ಅದರ ನಂಬಿಕೆ ಮತ್ತು ಬಾಳಿಕೆಗಳನ್ನು ಮೊದಲು ಅಂಕಿಯಲ್ಲಿ ಅಳೆಯಬೇಕು, ಬೆಲೆಯ ಲಕೋಟೆಯನ್ನು ಆಮೇಲೆ ತೆರೆಯಬೇಕು ಎಂಬುದು ನಮ್ಮ ವಾದ.

ಸಾಹಿತ್ಯ ಬಳಗಕ್ಕೆ ಈ ಗೊಡವೆ ಏಕೆಂದು ಕೇಳುವವರಿದ್ದಾರೆ. ಕನ್ನಡದಲ್ಲಿ ಆಯುಧ ಬರುವುದು ಎರಡೇ ರೀತಿಯಲ್ಲಿ: ಪುರಾಣದಲ್ಲಿ ದಿವ್ಯಾಸ್ತ್ರವಾಗಿ, ಸಿನಿಮಾದಲ್ಲಿ ಗುಂಡು ಮುಗಿಯದ ಆಟಿಕೆಯಾಗಿ. ಎರಡರಲ್ಲೂ ಅದು ಎಂದೂ ಕೈಕೊಡುವುದಿಲ್ಲ. ವಾಸ್ತವದ ಆಯುಧ ಕೈಕೊಡುತ್ತದೆ, ಮತ್ತು ಅದನ್ನು ಕೊಳ್ಳುವ ಹಣ ನಮ್ಮ ತೆರಿಗೆಯದು. 2008ರ ನವೆಂಬರ್ 26ರ ರಾತ್ರಿಯನ್ನು ಮುಂಬಯಿಯಲ್ಲಿದ್ದ ಕನ್ನಡಿಗರಾರೂ ಮರೆತಿಲ್ಲ. ಅಂದು ಗಿರಗಾಂವ್ ಚೌಪಾಟಿಯಲ್ಲಿ ತುಕಾರಾಂ ಓಂಬ್ಳೆ ಎ.ಕೆ. ರೈಫಲಿನ ನಳಿಗೆಯನ್ನು ಬರಿಗೈಯಲ್ಲಿ ತಬ್ಬಿ ಹಿಡಿದರು. ಅವರ ಕೈಯಲ್ಲಿದ್ದ ಸರಕಾರಿ ಆಯುಧ ಲಾಠಿ ಮಾತ್ರ. ಆ ಧೈರ್ಯಕ್ಕೆ ನಾವು ಹೂಮಾಲೆ ಹಾಕಿದೆವು. ಕಾವಲಿಗೆ ನಿಲ್ಲಿಸಿದವನಿಗೆ ನಾವು ಏನು ಕೊಟ್ಟು ಕಳಿಸುತ್ತೇವೆ ಎಂಬ ಪ್ರಶ್ನೆಯನ್ನು ಮಾತ್ರ ಹಾರ ತುರಾಯಿಗಳ ಅಡಿಯಲ್ಲಿ ಮುಚ್ಚಿಟ್ಟೆವು.

ಮೊದಲು ಯಂತ್ರವನ್ನು ಅರಿಯೋಣ. ಗುಂಡು ಹಾರಿದಾಗ ಹುಟ್ಟುವ ಹಿಮ್ಮೆಟ್ಟಿನ ಬಲ ಪಿಸ್ತೂಲಿನ ಮೇಲ್ಭಾಗದ ಸ್ಲೈಡನ್ನು ಹಿಂದಕ್ಕೆ ತಳ್ಳುತ್ತದೆ. ಖಾಲಿ ತೋಟ ಹೊರಗೆ ಹಾರುತ್ತದೆ. ಸ್ಪ್ರಿಂಗು ಸ್ಲೈಡನ್ನು ಮುಂದಕ್ಕೆ ದೂಡುವಾಗ ಮ್ಯಾಗಜೀನಿನಿಂದ ಹೊಸ ತೋಟವೊಂದು ನಳಿಗೆಗೆ ಏರುತ್ತದೆ. ಒಂದು ಕಣ್ರೆಪ್ಪೆ ಬಡಿಯುವುದರೊಳಗೆ ನಡೆಯುವ ಈ ಸರಪಳಿಯಲ್ಲಿ ತೋಟದ ಮದ್ದು ಬಲಗುಂದಿದರೂ, ಸ್ಪ್ರಿಂಗು ಸೋತರೂ, ಮ್ಯಾಗಜೀನಿನ ತುಟಿ ಒಂದು ಎಳೆಯಷ್ಟು ಬಾಗಿದರೂ ಯಂತ್ರ ನಿಂತುಬಿಡುತ್ತದೆ. ಇಲ್ಲಿ ನಂಬಿಕೆ ಬೇರೆ, ಬಾಳಿಕೆ ಬೇರೆ. ಕುದುರೆ ಎಳೆದಾಗಲೆಲ್ಲ ಗುಂಡು ಹಾರುವುದು ನಂಬಿಕೆ; ಸಾವಿರಾರು ಗುಂಡುಗಳ ಪೆಟ್ಟನ್ನು ಉಕ್ಕು ಬಿರುಕಿಲ್ಲದೆ ತಾಳುವುದು ಬಾಳಿಕೆ. ಒಂದು ಇದ್ದ ಮಾತ್ರಕ್ಕೆ ಇನ್ನೊಂದು ಇರುತ್ತದೆಂದು ಭಾವಿಸಬಾರದು.

ಅಳತೆ ಹೇಗಿರಬೇಕು ಎಂಬುದಕ್ಕೆ ಶತಮಾನದ ಹಿಂದಿನ ನಿದರ್ಶನವೊಂದಿದೆ. ಅಮೆರಿಕದ ಸೇನೆ ಹೊಸ ಪಿಸ್ತೂಲಿಗಾಗಿ 1907ರಲ್ಲಿ ಪರೀಕ್ಷೆ ಆರಂಭಿಸಿತು. ಕೊನೆಗೆ ಉಳಿದವು ಜಾನ್ ಬ್ರೌನಿಂಗ್ ರೂಪಿಸಿದ ಕೋಲ್ಟ್ ಮತ್ತು ಅದರ ಎದುರಾಳಿ ಸ್ಯಾವೇಜ್. ನಡುವಿನ ಸುತ್ತುಗಳಲ್ಲಿ ಎರಡೂ ದೋಷ ತೋರಿದವು. ತಯಾರಕರು ತಿದ್ದಿ ತಂದರು. ಸೇನೆ ಮತ್ತೆ ಪರೀಕ್ಷಿಸಿತು. 1911ರ ಮಾರ್ಚಿನ ಕೊನೆಯ ಪರೀಕ್ಷೆಯಲ್ಲಿ ಪ್ರತಿಯೊಂದರಿಂದಲೂ 6,000 ಗುಂಡು ಹಾರಿಸಲಾಯಿತು. ಸ್ಯಾವೇಜ್ 37 ಸಲ ಅಡಚಣೆ ಕಂಡಿತು, ಕೋಲ್ಟ್ ಒಂದು ಸಲವೂ ಇಲ್ಲ. ಆ ತಿಂಗಳ ಕೊನೆಗೆ ಸ್ವೀಕೃತವಾದ ಪಿಸ್ತೂಲು 1985ರವರೆಗೆ ಆ ಸೇನೆಯ ಅಧಿಕೃತ ಪಿಸ್ತೂಲಾಗಿ ಉಳಿಯಿತು. ಪರೀಕ್ಷೆಗೆ ನಾಲ್ಕು ವರ್ಷ, ಸೇವೆಗೆ 74 ವರ್ಷ! ‘ವಿಳಂಬ’ ಎಂಬ ಪದವನ್ನು ಟಿಪ್ಪಣಿಯಲ್ಲಿ ಕಂಡೊಡನೆ ಬೆವರುವ ನಮ್ಮ ಅಧಿಕಾರಿಗಳು ಈ ಗುಣಾಕಾರವನ್ನು ಒಮ್ಮೆ ಮಾಡಿ ನೋಡಲಿ.

ಎರಡನೆಯ ನಿದರ್ಶನ ಆಸ್ಟ್ರಿಯಾದ್ದು. 1980ರ ದಶಕದ ಆರಂಭದಲ್ಲಿ ಅಲ್ಲಿನ ಸೇನೆ ಹೊಸ ಪಿಸ್ತೂಲಿಗೆ ಹದಿನೇಳು ಷರತ್ತುಗಳನ್ನು ಬರೆದಿಟ್ಟಿತು. ಎರಡು ಮೀಟರು ಎತ್ತರದಿಂದ ಉಕ್ಕಿನ ಹಲಗೆಯ ಮೇಲೆ ಬಿದ್ದರೂ ತಾನಾಗಿ ಗುಂಡು ಹಾರಬಾರದು. ಒಂದು ಪಿಸ್ತೂಲಿನ ಭಾಗ ಇನ್ನೊಂದಕ್ಕೆ ಅರ ಹಾಕದೆ ಹೊಂದಬೇಕು. ಶುಚಿಗೊಳಿಸಲು ಬಿಚ್ಚುವಾಗ ಉಪಕರಣ ಬೇಕಾಗಬಾರದು. ಮೊದಲ 10,000 ಗುಂಡುಗಳಲ್ಲಿ 20ಕ್ಕಿಂತ ಹೆಚ್ಚು ಅಡಚಣೆ ಸಲ್ಲದು. ಇವುಗಳಲ್ಲಿ ‘ಪ್ರತಿಷ್ಠಿತ ತಯಾರಕ’ ಎಂಬ ಷರತ್ತು ಇರಲಿಲ್ಲ. ಅದುವರೆಗೆ ಒಂದು ಪಿಸ್ತೂಲನ್ನೂ ತಯಾರಿಸಿರದ ಗ್ಯಾಸ್ಟನ್ ಗ್ಲಾಕ್ ಎಂಬ ಎಂಜಿನಿಯರ್ ಹಳೆಯ ಹೆಸರುಗಳನ್ನು ಹಿಂದಿಕ್ಕಿ 1982ರಲ್ಲಿ ಗೆದ್ದ. ನಮ್ಮ ಟೆಂಡರುಗಳಲ್ಲಿ ‘ಹಿಂದಿನ ಅನುಭವ’ದ ಕಲಮಿನಲ್ಲೇ ಆತ ಹೊರಬೀಳುತ್ತಿದ್ದ.

ಇನ್ನು ಎಡವಿದ ಕತೆಗಳು. 1985ರಲ್ಲಿ ಅಮೆರಿಕದ ಸೇನೆ ಇಟಲಿಯ ಬೆರೆಟ್ಟಾವನ್ನು ಆರಿಸಿತು. ಕೊನೆಯ ಕಣದಲ್ಲಿ ಉಳಿದಿದ್ದ ಎರಡೂ ಪಿಸ್ತೂಲುಗಳು ತಾಂತ್ರಿಕವಾಗಿ ಉತ್ತೀರ್ಣವಾಗಿದ್ದವು; ತೀರ್ಪು ಕೊಟ್ಟದ್ದು ಬೆಲೆ. ಬೆರೆಟ್ಟಾದ ನಂಬಿಕೆಯ ಅಂಕಗಳು ಚೆನ್ನಾಗಿಯೇ ಇದ್ದವು. ಆದರೆ ಕೆಲವೇ ವರ್ಷಗಳಲ್ಲಿ ಕೆಲವು ಸ್ಲೈಡುಗಳು ಬಿರಿದು, ಅವುಗಳ ಹಿಂತುಂಡು ಗುಂಡು ಹಾರಿಸುವವರ ಮುಖಕ್ಕೆ ಬಡಿದ ಪ್ರಕರಣಗಳು ನಡೆದವು. ತುಂಡಾದ ಸ್ಲೈಡು ಹಿಂದಕ್ಕೆ ಹಾರದಂತೆ ತಡೆಯುವ ತಿದ್ದುಪಡಿ ಆಮೇಲೆ ಬಂತು. ನಂಬಿಕೆ ಬೇರೆ, ಬಾಳಿಕೆ ಬೇರೆ ಎಂದುದು ಇದಕ್ಕೇ. ಮುಂದೆ ಇರಾಕಿನ ಮರಳಿನಲ್ಲಿ ಅದೇ ಪಿಸ್ತೂಲು ಸಿಕ್ಕಿಕೊಳ್ಳುತ್ತಿದೆ ಎಂಬ ದೂರು ಎದ್ದಾಗ ತಪ್ಪಿತಸ್ಥ ಪಿಸ್ತೂಲಾಗಿರಲಿಲ್ಲ; ಬೇರೆ ಗುತ್ತಿಗೆಯಲ್ಲಿ ಕೊಂಡ ಮ್ಯಾಗಜೀನುಗಳ ಒರಟು ಲೇಪನಕ್ಕೆ ಮರಳಿನ ಧೂಳು ಅಂಟುತ್ತಿತ್ತು. ನಮ್ಮಲ್ಲಿಯೂ ಕಾರ್ಗಿಲಿನ ಚಳಿಯಲ್ಲಿ ಇನ್ಸಾಸ್ ರೈಫಲಿನ ಪ್ಲಾಸ್ಟಿಕ್ ಮ್ಯಾಗಜೀನು ಬಿರಿಯುತ್ತದೆಂಬ ದೂರು ಕೇಳಿಬಂದಿತ್ತು. ಆಯುಧದ ಮಾನ ಹೋಗುವುದು ಹಲವು ಸಲ ಅದರ ಅತ್ಯಂತ ಅಗ್ಗದ ಭಾಗದಿಂದ.

ಮೂರನೆಯ ಕತೆ ಇನ್ನೂ ಹತ್ತಿರದ್ದು. 2017ರ ಜನವರಿಯಲ್ಲಿ ಅಮೆರಿಕದ ಸೇನೆ ಬೆರೆಟ್ಟಾದ ಬದಲಿಗೆ ಸಿಗ್ ಸಾವರ್ ಕಂಪನಿಯ ಪಿಸ್ತೂಲನ್ನು ಆರಿಸಿತು. ಎದುರಾಳಿ ಗ್ಲಾಕ್‌ಗಿಂತ ಅದರ ಬೆಲೆ ಸುಮಾರು 10 ಕೋಟಿ ಡಾಲರು ಕಡಿಮೆ. ಇಬ್ಬರನ್ನೂ ಎರಡನೆಯ ಹಂತದ ದೀರ್ಘ ಪರೀಕ್ಷೆಗೆ ಒಡ್ಡದೆಯೇ ಆಯ್ಕೆ ಮುಗಿಯಿತೆಂದು ಗ್ಲಾಕ್ ಆಕ್ಷೇಪಿಸಿತು. ಟೆಂಡರಿನ ಷರತ್ತುಗಳಲ್ಲಿ ಅದಕ್ಕೆ ಅವಕಾಶವಿದೆಯೆಂದು ಅಲ್ಲಿನ ಸರಕಾರಿ ಲೆಕ್ಕಪರಿಶೋಧನಾ ಕಚೇರಿ ಆಕ್ಷೇಪವನ್ನು ತಳ್ಳಿಹಾಕಿತು. ಕಡತದ ದೃಷ್ಟಿಯಿಂದ ಎಲ್ಲವೂ ನಿರ್ದುಷ್ಟ. ಆದರೆ ಅದೇ ವರ್ಷದ ಆಗಸ್ಟಿನಲ್ಲಿ, ಆ ಪಿಸ್ತೂಲಿನ ನಾಗರಿಕ ಮಾದರಿ ಒಂದು ನಿರ್ದಿಷ್ಟ ಕೋನದಲ್ಲಿ ನೆಲಕ್ಕೆ ಬಿದ್ದರೆ ತಾನಾಗಿಯೇ ಗುಂಡು ಹಾರಿಸಬಲ್ಲದು ಎಂಬುದು ಬಯಲಾಯಿತು. ಕಂಪನಿ ಸುಧಾರಿತ ಭಾಗಗಳನ್ನು ಜೋಡಿಸಿಕೊಡಲು ಮುಂದಾಯಿತು. ಸೇನೆಯ ಮಾದರಿಯೂ ಬೀಳುವ ಪರೀಕ್ಷೆಯಲ್ಲಿ ಹಾಗೆಯೇ ಗುಂಡು ಹಾರಿಸಿತ್ತು, ಹಗುರವಾದ ಕುದುರೆ ಜೋಡಿಸಿ ಅದನ್ನು ಸರಿಪಡಿಸಲಾಯಿತು ಎಂದು ಅಲ್ಲಿನ ರಕ್ಷಣಾ ಇಲಾಖೆಯ ಪರೀಕ್ಷಾ ವಿಭಾಗದ 2018ರ ಜನವರಿಯ ವರದಿ ದಾಖಲಿಸಿತು. ಆಸ್ಟ್ರಿಯನ್ನರು ಮೊದಲೇ ಬರೆದಿಟ್ಟಿದ್ದ ಪ್ರಶ್ನೆ ಇಲ್ಲಿ ಗುತ್ತಿಗೆಗೆ ಸಹಿ ಬಿದ್ದ ಮೇಲೆ ಎದ್ದು ನಿಂತಿತು.

ಎಲ್-ಒನ್ ಪಕ್ಷಪಾತಿಗಳ ಮಾತನ್ನೂ ಆಲಿಸೋಣ. ಗುಣಕ್ಕೆ ಅಂಕ ಕೊಡುವ ಅಧಿಕಾರ ಸಮಿತಿಗೆ ಬಂದರೆ ಅಂಕಗಳು ಮಾರಾಟಕ್ಕೆ ಬರುತ್ತವೆ, ಬೆಲೆಯ ಅಂಕಿ ಮಾತ್ರ ಸುಳ್ಳು ಹೇಳದು ಎಂಬುದು ಅವರ ಭಯ. ಈ ಭಯ ನಿರಾಧಾರವಲ್ಲ; ಆಯುಧ ಖರೀದಿಯ ಹಗರಣಗಳನ್ನು ಈ ದೇಶ ಸಾಕಷ್ಟು ಕಂಡಿದೆ. ಆದರೆ ನಾವು ಕೇಳುತ್ತಿರುವುದು ಸಮಿತಿಯ ಅಭಿರುಚಿಗೆ ಅಂಕವಲ್ಲ. ಆರು ಸಾವಿರ ಗುಂಡುಗಳಲ್ಲಿ ಎಷ್ಟು ಅಡಚಣೆ ಎಂಬುದೂ ಬೆಲೆಯಷ್ಟೇ ನಿಷ್ಠುರವಾದ ಅಂಕಿ. ಎಲ್ಲರ ಎದುರು ಹಾರಿಸಿ, ಎಲ್ಲರ ಎದುರು ಎಣಿಸಿ, ಪ್ರಕಟಿಸಿದರೆ ಅದನ್ನು ಕೊಳ್ಳುವುದು ಬೆಲೆಯನ್ನು ಕೊಳ್ಳುವುದಕ್ಕಿಂತ ಕಷ್ಟ. ಹಣಕಾಸು ಸಚಿವಾಲಯವೇ 2021ರ ಅಕ್ಟೋಬರಿನ ಸೂಚನೆಗಳಲ್ಲಿ ಕಾಮಗಾರಿಗಳಿಗೂ ಕೆಲವು ಸೇವೆಗಳಿಗೂ ಗುಣವನ್ನು ಬೆಲೆಯ ಜೊತೆ ತೂಗಲು ಒಪ್ಪಿದೆ. ಕಟ್ಟಡಕ್ಕೆ ಸಲ್ಲುವ ವಿವೇಕ ಕಾನ್‌ಸ್ಟೇಬಲನ ಪ್ರಾಣಕ್ಕೆ ಸಲ್ಲಬಾರದೆ?

ಇನ್ನೊಂದು ಬದಿಯಲ್ಲಿ ಹೆಸರಿನ ಭಕ್ತರಿದ್ದಾರೆ. ವಿದೇಶದ ಪ್ರಖ್ಯಾತ ಪಿಸ್ತೂಲು ತಂದುಬಿಟ್ಟರೆ ಸಮಸ್ಯೆ ಮುಗಿಯಿತೆಂದು ಇವರ ನಂಬಿಕೆ. ಎನ್.ಎಸ್.ಜಿ.ಯಂಥ ವಿಶೇಷ ಪಡೆಗಳ ಕೈಗೆ ಗ್ಲಾಕ್ ಬಂದಿದೆ ನಿಜ. ಆದರೆ ನಮ್ಮ ಈಶಾಪುರದ ಕಾರ್ಖಾನೆಯ 9 ಮಿ.ಮೀ. ಪಿಸ್ತೂಲೇನೂ ಹೀನ ಕುಲದ್ದಲ್ಲ. ಅದು 1935ರ ಬ್ರೌನಿಂಗ್ ಹೈಪವರಿನ ವಂಶದ್ದು, ಮತ್ತು ಆ ಮೂಲ ಪಿಸ್ತೂಲು ಜಗತ್ತಿನ ಹತ್ತಾರು ಸೇನೆಗಳ ಸೊಂಟದಲ್ಲಿತ್ತು. ಕುಲದಿಂದ ಗುಂಡು ಹಾರುವುದಿಲ್ಲ. ಸ್ಪ್ರಿಂಗನ್ನು ಕಾಲಕ್ಕೆ ಸರಿಯಾಗಿ ಬದಲಿಸದಿದ್ದರೆ, ಮ್ಯಾಗಜೀನನ್ನು ವರ್ಷಗಟ್ಟಲೆ ಕೊಳೆಯಲು ಬಿಟ್ಟರೆ, ಯಾವ ವಂಶದ ಪಿಸ್ತೂಲೂ ಕಬ್ಬಿಣದ ತುಂಡೇ. ನಾವು ಆಯುಧಪೂಜೆ ಮಾಡುವ ಜನ. ಆ ದಿನದ ಅರ್ಥ ಆಯುಧವನ್ನು ಒರಸಿ, ಬಿಚ್ಚಿ, ಎಣ್ಣೆ ಹಾಕಿ, ಸವೆದುದನ್ನು ಗುರುತಿಸುವುದು. ನಾವು ಒರಸುವುದನ್ನು ಬಿಟ್ಟೆವು, ಕುಂಕುಮವನ್ನು ಉಳಿಸಿಕೊಂಡೆವು.

ಆದುದರಿಂದ ನಮ್ಮ ಬೇಡಿಕೆಗಳು ಸರಳ. ಪರೀಕ್ಷೆ ಪೂರ್ತಿಯಾಗದೆ ಬೆಲೆಯ ಲಕೋಟೆ ತೆರೆಯಬಾರದು. ಪರೀಕ್ಷೆಯನ್ನು ತಯಾರಕ ತಂದ ಉತ್ತಮ ತೋಟಗಳಿಂದಲ್ಲ, ಠಾಣೆಗೆ ಮುಂದೆ ನಿಜವಾಗಿ ಬರಲಿರುವ ತೋಟಗಳಿಂದಲೇ ಮಾಡಬೇಕು. ಮುಂಬಯಿಯ ಮಳೆ, ಜೈಸಲ್ಮೇರಿನ ಮರಳು, ಲಡಾಖಿನ ಹಿಮ ಮೂರೂ ಅದರ ಭಾಗವಾಗಬೇಕು. ಹದಿನೈದು ವರ್ಷಕ್ಕೆ ಬೇಕಾಗುವ ಸ್ಪ್ರಿಂಗು, ಮ್ಯಾಗಜೀನು, ದುರಸ್ತಿ ಮತ್ತು ಅಭ್ಯಾಸದ ತೋಟಗಳ ವೆಚ್ಚವನ್ನು ಮೂಲ ಬೆಲೆಯೊಳಗೇ ಎಣಿಸಬೇಕು. ಆಗ ಅಗ್ಗದ್ದು ಯಾವುದೆಂಬ ಉತ್ತರವೇ ಬದಲಾಗಬಹುದು. ‘ಯುದ್ಧಕಾಲೇ ಶಸ್ತ್ರಾಭ್ಯಾಸ’ ಎಂದು ಇತರರನ್ನು ಹಂಗಿಸುವ ನಾವು, ಅಭ್ಯಾಸದ ತೋಟವನ್ನು ಉಳಿತಾಯದ ಬಾಬತ್ತಿನಲ್ಲಿ ಬರೆಯುವುದನ್ನು ನಿಲ್ಲಿಸಬೇಕು. ಕೊನೆಯದಾಗಿ, ಆಯ್ಕೆಯ ಮೇಜಿನ ಸುತ್ತ ಪಿಸ್ತೂಲನ್ನು ಹೊತ್ತು ತಿರುಗುವವರು ಕುಳಿತಿರಬೇಕು. ದಪ್ಪ ಹಿಡಿಯ ಪಿಸ್ತೂಲು ಚಿಕ್ಕ ಅಂಗೈಗೆ ಒಗ್ಗದು, ಬೆರಳು ಕುದುರೆಯನ್ನು ಮುಟ್ಟಲು ಹೆಣಗುತ್ತದೆ. ಪಡೆಗಳಿಗೆ ಮಹಿಳೆಯರು ಸೇರುತ್ತಿರುವ ಈ ಕಾಲದಲ್ಲಿ ಆ ಮಾತನ್ನು ಮಹಿಳಾ ಕಾನ್‌ಸ್ಟೇಬಲೇ ಹೇಳಬೇಕಲ್ಲದೆ ನಮ್ಮಂಥ ಕಡತದವರಲ್ಲ.

ಪಿಸ್ತೂಲನ್ನು ಬಳಸುವ ಸಂದರ್ಭವೇ ಬಾರದಿರಲೆಂದು ನಾವೂ ಹಾರೈಸುತ್ತೇವೆ. ಆದರೆ ಪ್ರಭುತ್ವ ಒಬ್ಬ ಮನುಷ್ಯನನ್ನು ತನ್ನ ಪರವಾಗಿ ಬಾಗಿಲಲ್ಲಿ ನಿಲ್ಲಿಸಿ, ಅವನ ಸೊಂಟಕ್ಕೆ ಪಿಸ್ತೂಲು ಕಟ್ಟಿದ ಕ್ಷಣದಲ್ಲಿ ಒಂದು ವಚನವನ್ನೂ ಕೊಟ್ಟಿರುತ್ತದೆ: ಎಳೆದಾಗ ಇದು ಹಾರುತ್ತದೆ, ಬಿದ್ದಾಗ ಹಾರುವುದಿಲ್ಲ. ಆ ವಚನಕ್ಕೆ ಸಾಕ್ಷಿಯಾಗಿ ಹಾರಿಸಿದ ಗುಂಡುಗಳ ಲೆಕ್ಕವನ್ನು ತೋರಿಸಲಾರದ ಯಾವ ಖರೀದಿಯೂ, ಎಷ್ಟೇ ಅಗ್ಗವಾಗಿರಲಿ, ಉಳಿತಾಯವಲ್ಲ.