ಬಾಯಿಗೆ ಬೀಗ ಬಿದ್ದ ಪ್ರತಿನಿಧಿಗಳು

ಗಣಕದ ಮುಂದೆ ಕುಳಿತು ಆಡುವ ಆಟವೊಂದರಲ್ಲಿ ಚುನಾವಣೆ ನಡೆಯುತ್ತದೆ, ಉಮೇದುವಾರರು ಪ್ರಣಾಳಿಕೆ ಹೊರಡಿಸುತ್ತಾರೆ, ಮತಕ್ಕಾಗಿ ಅಂಗಲಾಚುತ್ತಾರೆ ಎಂದರೆ ನಮ್ಮ ಗೃಹಸ್ಥರಲ್ಲಿ ಹೆಚ್ಚಿನವರು ನಕ್ಕುಬಿಡುತ್ತಾರೆ. ‘ಹುಡುಗಾಟ’ ಎಂದು ಪತ್ರಿಕೆಯ ಪುಟ ಮಗುಚುತ್ತಾರೆ. ನಗುವವರು ನಗಲಿ, ಆದರೆ ನಗಬೇಕಾದ ಕಡೆ ಅವರು ನಗುತ್ತಿಲ್ಲವೆಂಬುದೇ ನನ್ನ ತಕರಾರು. ಮತ ಕೇಳುವವನಲ್ಲಿ ನಗೆಪಾಟಲಿನದು ಏನೂ ಇಲ್ಲ. ನಗೆಪಾಟಲು ಇರುವುದು ಅವನು ಗೆದ್ದು ಏರುವ ಪೀಠದಲ್ಲಿ.

ಆಟ ಯಾವುದೆಂದು ಹೇಳಬೇಕು. ಐಸ್‌ಲೆಂಡಿನ ರೇಕ್ಯಾವಿಕ್ ಪಟ್ಟಣದ ಸಿ.ಸಿ.ಪಿ. ಎಂಬ ಕಂಪೆನಿ 2003ರ ಮೇ ತಿಂಗಳಲ್ಲಿ ತೆರೆದ ‘ಈವ್ ಆನ್‌ಲೈನ್’. ಏಳು ಸಾವಿರಕ್ಕೂ ಮೀರಿದ ನಕ್ಷತ್ರಮಂಡಲಗಳು. ಅವುಗಳ ನಡುವೆ ಅದಿರು ಅಗೆಯುವವರು, ಹಡಗು ಕಟ್ಟುವವರು, ಸರಕು ಸಾಗಿಸುವವರು, ದಾರಿಗಳ್ಳರು, ಸಾವಿರಾರು ಸದಸ್ಯರ ಒಕ್ಕೂಟಗಳು, ಆ ಒಕ್ಕೂಟಗಳ ಯುದ್ಧಗಳು, ಸಂಧಾನಗಳು. 2013ರ ಆರಂಭದಲ್ಲಿ ಚಂದಾದಾರರ ಸಂಖ್ಯೆ ಐದು ಲಕ್ಷ ಮುಟ್ಟಿತೆಂದು ಕಂಪೆನಿ ಸಾರಿತು. ಐಸ್‌ಲೆಂಡಿನ ಜನಸಂಖ್ಯೆಯೇ ಆಗ ಮೂರೂಕಾಲು ಲಕ್ಷದ ಆಸುಪಾಸು. ನಾನೂ ಬೆಂಗಳೂರಿನ ನನ್ನ ಕೋಣೆಯಲ್ಲಿ ಕುಳಿತು ಅಲ್ಲಿ ಅದಿರು ಅಗೆಯುವವನು. ನರೆತ ತಲೆಗೆ ಇದೇನು ಚಪಲವೆಂದು ಮನೆಯಲ್ಲಿ ಕೇಳಿದ್ದುಂಟು; ಇಸ್ಪೀಟಿಗಿಂತ ವಾಸಿ ಎಂದಿದ್ದೇನೆ.

ಈ ಲೋಕದಲ್ಲಿ ಚುನಾವಣೆ ಹುಟ್ಟಿದ್ದು ಒಂದು ಹಗರಣದ ಹೊಟ್ಟೆಯಲ್ಲಿ. ಕಂಪೆನಿಯ ನೌಕರನೊಬ್ಬ ತಾನೂ ಒಂದು ಬಲಿಷ್ಠ ಒಕ್ಕೂಟದಲ್ಲಿ ಸೇರಿ ಆಡುತ್ತಿದ್ದು, ಬೇರೆಯವರಿಗೆ ಎಟುಕದ ಬೆಲೆಬಾಳುವ ಹಡಗಿನ ನಕ್ಷೆಗಳನ್ನು ಅನ್ಯಾಯವಾಗಿ ಪಡೆದುಕೊಂಡಿದ್ದನೆಂಬುದು 2007ರಲ್ಲಿ ಬಯಲಾಯಿತು. ತಕ್ಕಡಿ ಹಿಡಿದವನೇ ಗಿರಾಕಿಗಳಲ್ಲೊಬ್ಬನ ಪಾಲುದಾರನಾದರೆ ಅಂಗಡಿಯನ್ನು ಯಾರು ನಂಬಿಯಾರು? ಹೋದ ನಂಬಿಕೆಯನ್ನು ಮರಳಿ ತರುವುದಕ್ಕೆಂದು 2008ರಲ್ಲಿ ಆಟಗಾರರಿಂದಲೇ ಒಂಬತ್ತು ಮಂದಿಯನ್ನು ಆರಿಸಿ ‘ಕೌನ್ಸಿಲ್ ಆಫ್ ಸ್ಟೆಲ್ಲರ್ ಮ್ಯಾನೇಜ್‌ಮೆಂಟ್’ ಎಂಬ ಮಂಡಳಿ ಕಟ್ಟಿದರು. ಗೆದ್ದವರನ್ನು ಕಂಪೆನಿಯ ಖರ್ಚಿನಲ್ಲಿ ರೇಕ್ಯಾವಿಕ್‌ಗೆ ಕರೆಸಿ ಸಭೆ ನಡೆಸುವ ಪದ್ಧತಿಯೂ ಆಗಲೇ ಶುರುವಾಯಿತು.

ಉಮೇದುವಾರರ ಶ್ರಮವನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಸಂಬಳವಿಲ್ಲ, ಭತ್ಯವಿಲ್ಲ. ಹಗಲು ಹೊಟ್ಟೆಪಾಡಿನ ಕೆಲಸ ಮುಗಿಸಿ, ರಾತ್ರಿ ಒಕ್ಕೂಟದಿಂದ ಒಕ್ಕೂಟಕ್ಕೆ ತಿರುಗಿ, ಅದಿರಿನವನ ಗೋಳು, ಸಾಗಣೆಯವನ ಗೋಳು, ಹೊಸಬನ ಗೋಳು ಎಲ್ಲವನ್ನೂ ಕೇಳಿ ಉತ್ತರ ಹೇಳಬೇಕು. ಇವರೆಲ್ಲ ಕೆಲಸವಿಲ್ಲದ ಪಡ್ಡೆಗಳೆಂದು ಭಾವಿಸುವವರಿಗೆ ಒಂದು ಮಾತು: 2012ರ ಸೆಪ್ಟೆಂಬರಿನಲ್ಲಿ ಲಿಬಿಯದ ಬೆಂಗಾಜಿಯಲ್ಲಿ ಹತರಾದ ಅಮೆರಿಕದ ವಿದೇಶಾಂಗ ಇಲಾಖೆಯ ಅಧಿಕಾರಿ ಷಾನ್ ಸ್ಮಿತ್ ಈ ಮಂಡಳಿಯಲ್ಲಿ ಕುಳಿತಿದ್ದವರು.

ದೊಡ್ಡ ಒಕ್ಕೂಟಗಳು ಪಟ್ಟಿ ಹಂಚಿ ಮತಗಳನ್ನು ಗುತ್ತಿಗೆ ಹಿಡಿಯುತ್ತವೆ, ಒಂಟಿ ಆಟಗಾರನಿಗೆ ಗತಿಯಿಲ್ಲ ಎಂಬ ದೂರು ಪ್ರತಿವರ್ಷದ್ದು. 2013ರಿಂದ ಉಮೇದುವಾರರನ್ನು ಒಂದು, ಎರಡು, ಮೂರು ಎಂದು ಪ್ರಾಶಸ್ತ್ಯಕ್ರಮದಲ್ಲಿ ಬರೆಯುವ ಪದ್ಧತಿ ತಂದರೂ ಪಟ್ಟಿಗಳು ನಿಲ್ಲಲಿಲ್ಲ. ಯಾರನ್ನು ಯಾವ ಕ್ರಮದಲ್ಲಿ ಬರೆಯಬೇಕೆಂದೇ ಪಟ್ಟಿ ಹೊರಡುತ್ತದೆ. ಈ ದೂರಿನಲ್ಲಿ ನನಗೆ ಸಹಾನುಭೂತಿಯಿಲ್ಲ. ಒಟ್ಟುಗೂಡಿದವರು ಒಟ್ಟಾಗಿ ಮತ ಹಾಕಿದರೆ ಅದು ಪಾಪವೇನು? ಒಂಟಿಯಾಗಿರುವ ಸುಖವೂ ಬೇಕು, ಸಂಘದ ಬಲವೂ ಬೇಕು ಎಂದರೆ ಹೇಗೆ? ನಾನೂ ಒಂಟಿಯೇ, ನನ್ನ ಉಮೇದುವಾರ ಸೋತಾಗ ಅಳಲಿಲ್ಲ.

ಅಳಬೇಕಾದದ್ದು ಗೆದ್ದವನ ಪಾಡನ್ನು ಕಂಡು. ಅವನ ಕೈಗೆ ಸಿಕ್ಕುವುದೇನು? ಸಲಹೆ ಕೊಡುವ ಹಕ್ಕು. ಸಲಹೆಯನ್ನು ಕೇಳಬೇಕೆಂಬ ಕಟ್ಟುಪಾಡು ಕಂಪೆನಿಗೆ ಇಲ್ಲ. ಅದಕ್ಕೂ ಮೊದಲು ರಹಸ್ಯ ಕಾಯುವ ಕರಾರಿಗೆ ಅವನು ಸಹಿ ಹಾಕಬೇಕು. ಕಂಪೆನಿಯವರು ಮುಂದೆ ಏನು ಮಾಡಲಿದ್ದಾರೆಂದು ಅವನಿಗೆ ತಿಳಿಸುತ್ತಾರೆ. ತಿಳಿದದ್ದನ್ನು ಅವನು ನಮಗೆ ಹೇಳುವಂತಿಲ್ಲ. ಎರಡನೆಯ ಬಾರಿಗೆ ನಿಂತವನನ್ನು ‘ಹೋದ ವರ್ಷ ನಮ್ಮ ಪರವಾಗಿ ಏನು ವಾದಿಸಿದೆಯಪ್ಪಾ?’ ಎಂದು ಕೇಳಿದರೆ ‘ವಾದಿಸಿದ್ದೇನೆ, ನಂಬಿ’ ಎಂಬುದಕ್ಕಿಂತ ಹೆಚ್ಚೇನೂ ಬರಲಾರದು. ಸಭೆಯ ವರದಿ ಹೊರಬಂದದ್ದುಂಟು. ಆದರೆ ಯಾವುದನ್ನು ಬಿಡಬೇಕು, ಯಾವುದನ್ನು ಮುಚ್ಚಬೇಕು ಎಂಬ ತೀರ್ಮಾನ ಕಂಪೆನಿಯದು. ಲೆಕ್ಕ ಒಪ್ಪಿಸಲಾಗದ ಪ್ರತಿನಿಧಿಯನ್ನು ಮತದಾರ ಯಾವ ಆಧಾರದ ಮೇಲೆ ಮತ್ತೆ ಆರಿಸಬೇಕು, ಯಾವ ಆಧಾರದ ಮೇಲೆ ತಿರಸ್ಕರಿಸಬೇಕು?

ಇನ್ನೊಂದು ಚೋದ್ಯ. ಇಲ್ಲಿ ತಲೆಗೊಂದು ಮತವಿಲ್ಲ, ಖಾತೆಗೊಂದು ಮತ. ನಾಲ್ಕು ಖಾತೆಗೆ ಹಣ ಕಟ್ಟುವವನಿಗೆ ನಾಲ್ಕು ಮತ. ಇದು ಷೇರು ಕಂಪೆನಿಯ ನ್ಯಾಯ. ಆಗಲಿ, ಆದರೆ ಷೇರುದಾರನಿಗೆ ವಾರ್ಷಿಕ ಸಭೆಯಲ್ಲಿ ಲೆಕ್ಕ ಕೇಳುವ, ನಿರ್ದೇಶಕನನ್ನು ಇಳಿಸುವ ಹಕ್ಕಾದರೂ ಉಂಟು. ನಮ್ಮ ಮಂಡಳಿಗೆ ಪಂಚಾಯಿತಿಯ ಹೆಸರು, ಷೇರು ಕಂಪೆನಿಯ ಮತಪತ್ರ. ಎರಡರ ಅಧಿಕಾರವೂ ಇಲ್ಲ.

ಹಾಗಾದರೆ ಆಟಗಾರನ ಮಾತು ಎಂದೂ ನಡೆದಿಲ್ಲವೇ? ನಡೆದಿದೆ. 2011ರ ಬೇಸಗೆಯಲ್ಲಿ ಕಂಪೆನಿ ಆಟದೊಳಗೊಂದು ಶೋಕಿ ಅಂಗಡಿ ತೆರೆದು, ಬೊಂಬೆಯ ಕಣ್ಣಿಗಿಡುವ ಒಂಟಿಗಾಜಿಗೆ 60 ಡಾಲರಿಗೂ ಮೇಲ್ಪಟ್ಟ ಬೆಲೆಯಿಟ್ಟಿತು. ಅದೇ ಹೊತ್ತಿಗೆ ದುರಾಸೆಯನ್ನು ಕೊಂಡಾಡುವ ಶೀರ್ಷಿಕೆಯ, ಒಳಗಿನವರಿಗಾಗಿ ಬರೆದ ಪತ್ರಿಕೆಯೊಂದು ಹೊರಬಿತ್ತು. ಹಣವಿದ್ದವನಿಗೆ ನಾಳೆ ಮದ್ದುಗುಂಡನ್ನೂ ಮಾರುವರೇನೋ ಎಂಬ ಅನುಮಾನ ಎಲ್ಲರಿಗೂ ಬಂತು. ಆಟಗಾರರು ಜೀಟ ಎಂಬ ಮಾರುಕಟ್ಟೆಯ ಮಂಡಲದಲ್ಲಿ ಗುಂಪುಗೂಡಿ ಅಲ್ಲಿದ್ದ ಸ್ಮಾರಕಕ್ಕೆ ಗುಂಡಿಟ್ಟರು; ಚಂದಾ ನಿಲ್ಲಿಸಿದರು. ಕಂಪೆನಿ ತರಾತುರಿಯಿಂದ ಮಂಡಳಿಯನ್ನು ರೇಕ್ಯಾವಿಕ್‌ಗೆ ಕರೆಸಿಕೊಂಡಿತು. ಅಕ್ಟೋಬರಿನಲ್ಲಿ ಅದರ ಮುಖ್ಯಾಧಿಕಾರಿ ಬಹಿರಂಗವಾಗಿ ತಪ್ಪೊಪ್ಪಿಕೊಂಡರು. ಅದೇ ತಿಂಗಳು ಐದರಲ್ಲೊಂದು ಪಾಲು ನೌಕರರನ್ನು ಮನೆಗೆ ಕಳುಹಿಸುವ ಪ್ರಕಟಣೆಯೂ ಹೊರಟಿತು. ಅಂದು ಕಂಪೆನಿಯನ್ನು ಬಗ್ಗಿಸಿದ್ದು ಮಂಡಳಿಯ ವಾಗ್ಮಿತೆಯೋ, ನಿಂತುಹೋದ ಚಂದಾ ಹಣವೋ? ವಾಚಕರೇ ಊಹಿಸಲಿ. ಮಂಡಳಿಯವರಿಗೆ ಅಂದು ಗಡುಸಾದ ದನಿ ಇದ್ದಿತೆಂದರೆ ಅವರ ಬೆನ್ನ ಹಿಂದೆ ಬೀದಿಯಿತ್ತು.

ಪ್ರತಿನಿಧಿಯನ್ನು ಇಳಿಸುವವರು ಯಾರು ಎಂಬಲ್ಲಿ ಈ ಪೀಠದ ಬಣ್ಣ ಪೂರ್ತಿ ಬಯಲಾಗುತ್ತದೆ. ‘ದಿ ಮಿಟ್ಟಾನಿ’ ಎಂಬ ಹೆಸರಿನಲ್ಲಿ ಆಡುತ್ತಿದ್ದ ಒಕ್ಕೂಟದ ನಾಯಕ 2012ರಲ್ಲಿ ಹತ್ತು ಸಾವಿರಕ್ಕೂ ಮಿಕ್ಕ ಮತ ಪಡೆದು ಗೆದ್ದ. ರೇಕ್ಯಾವಿಕ್‌ನ ವಾರ್ಷಿಕ ಜಾತ್ರೆಯ ವೇದಿಕೆಯಲ್ಲೇ, ಬದುಕಿನಲ್ಲಿ ಬೇಸತ್ತ ಆಟಗಾರನೊಬ್ಬನನ್ನು ಹಂಗಿಸಿ ಮಾತಾಡಿದ. ಮೂವತ್ತು ದಿನದ ನಿಷೇಧ ಬಿತ್ತು, ಪೀಠವೂ ಹೋಯಿತು. ಅಲ್ಲಿ ಶಿಕ್ಷೆ ನ್ಯಾಯವೇ. ನನಗೆ ಎರಡು ಮಾತಿಲ್ಲ. ಆದರೆ 2019ರ ಏಪ್ರಿಲ್ ನೋಡಿ. ವೃತ್ತಿಯಿಂದ ವಕೀಲನಾದ ‘ಬ್ರಿಸ್ಕ್ ರೂಬಲ್’ ಎಂಬ ಸದಸ್ಯ ರಹಸ್ಯ ಸೋರಿಸಿದನೆಂದು ಕಂಪೆನಿ ಲೋಕಕ್ಕೆಲ್ಲ ಸಾರಿ, ಅವನನ್ನು ಮಂಡಳಿಯಿಂದ ತೆಗೆದು ಆಟದಿಂದಲೇ ಬಹಿಷ್ಕರಿಸಿತು. ಅದೇ ತಿಂಗಳು, ವಿಚಾರಿಸಿ ನೋಡಿದಾಗ ಆರೋಪ ನಿಲ್ಲಲಿಲ್ಲವೆಂದು ಕ್ಷಮೆ ಕೇಳಿ ಬಹಿಷ್ಕಾರ ಹಿಂತೆಗೆದುಕೊಂಡಿತು. ಮುಂದೆ ಅವನು ಮತ್ತೆ ಆರಿಸಿ ಬಂದ. ಅದು ಅವನ ಗಟ್ಟಿತನ. ವಿಚಾರಿಸಿದವರು, ತೀರ್ಪಿತ್ತವರು, ತೀರ್ಪು ತಿದ್ದಿಕೊಂಡವರು ಎಲ್ಲರೂ ಒಂದೇ ಕಚೇರಿಯವರು. ಅವನಿಗೆ ಮತ ಹಾಕಿದವರನ್ನು ಒಂದು ಮಾತೂ ಕೇಳಲಿಲ್ಲ.

‘ಸ್ವಾಮಿ, ಕಂಪೆನಿಯ ಸ್ವತ್ತು, ಅದರ ಇಷ್ಟ, ಬೇಡವಾದರೆ ಬಿಟ್ಟು ಹೋಗಿ’ ಎನ್ನುವ ಪುಣ್ಯಾತ್ಮರಿದ್ದಾರೆ. ಸ್ವತ್ತು ಅವರದೇ; ಯಾರು ಅಲ್ಲವೆಂದರು? ಹಾಗಿದ್ದಲ್ಲಿ ಸಲಹೆಗಾರರನ್ನು ನೇಮಿಸಿ, ಸಂಬಳ ಕೊಟ್ಟು, ಬಾಯಿ ಮುಚ್ಚಿಸಿಕೊಳ್ಳಲಿ. ನಮ್ಮಿಂದ ಮತ ಹಾಕಿಸಿ, ನಮ್ಮವರಿಂದ ಬಿಟ್ಟಿ ದುಡಿಸಿ, ‘ನಿಮ್ಮ ಪ್ರತಿನಿಧಿಗಳನ್ನು ಕೇಳಿಯೇ ಮಾಡಿದೆವು’ ಎಂದು ನಮ್ಮ ಮುಖಕ್ಕೇ ಹಿಡಿಯುವುದೇಕೆ? ವ್ಯಾಪಾರದ ಗುಟ್ಟು ಇರಬಾರದೆಂದು ನಾನು ಹೇಳುವುದಿಲ್ಲ. ಬರಲಿರುವ ಹಡಗಿನ ನಕ್ಷೆ ಗುಟ್ಟಾಗಿರಲಿ. ಆ ಹಡಗು ಬಂದು ಆರು ತಿಂಗಳಾದ ಮೇಲೆ, ಅದರ ವಿಷಯದಲ್ಲಿ ಮಂಡಳಿಯ ಯಾರು ಒಪ್ಪಿದ್ದರು, ಯಾರು ಬೇಡವೆಂದಿದ್ದರು ಎಂದು ಹೇಳುವುದರಿಂದ ಯಾರ ಬೊಕ್ಕಸ ಬರಿದಾಗುತ್ತದೆ? ಸದಸ್ಯನ ಮೇಲೆ ಆರೋಪ ಬಂದರೆ ಉಳಿದ ಸದಸ್ಯರ ಮುಂದೆ ಅದನ್ನಿಟ್ಟು, ಅವನ ಉತ್ತರ ಕೇಳಿದ ಮೇಲೆ ಪ್ರಕಟಿಸುವುದಕ್ಕೆ ಎಷ್ಟು ಹಣ ಬೇಕು?

ಇದನ್ನು ಕಂಪೆನಿಯಿಂದ ಕೇಳಬೇಕಾದವರು ಉಮೇದುವಾರರು. ಗೆದ್ದು ಸಹಿ ಹಾಕಿದ ಮೇಲೆ ಅಲ್ಲ, ನಮ್ಮ ಬಾಗಿಲಲ್ಲಿ ನಿಂತಿರುವಾಗಲೇ. ಅದಿರಿನ ಬೆಲೆ ಏರಿಸುತ್ತೇನೆ, ಹೊಸಬರ ದಾರಿ ಸುಗಮ ಮಾಡುತ್ತೇನೆ ಎಂಬ ಪ್ರಣಾಳಿಕೆಗಳನ್ನು ಓದಿ ನನಗೆ ಸಾಕಾಗಿದೆ. ಅವೆಲ್ಲ ಕೈಯಲ್ಲಿಲ್ಲದ ಹಣದ ದಾನ. ಮುಂದಿನ ಚುನಾವಣೆಯಲ್ಲಿ ಮತ ಕೇಳಿ ಬರುವವರಿಗೆ ನನ್ನದು ಒಂದೇ ಪ್ರಶ್ನೆ: ಕರಾರು ಬದಲಾಗುವವರೆಗೆ ಅದಕ್ಕೆ ಸಹಿ ಹಾಕುವುದಿಲ್ಲವೆಂದು, ಗೆದ್ದವರೆಲ್ಲ ಒಟ್ಟಾಗಿ ಹೊರಗೇ ಕುಳಿತುಕೊಳ್ಳುವಿರೆಂದು ಬರೆದುಕೊಡುತ್ತೀರಾ? ಹೌದೆನ್ನುವವರು ದೊಡ್ಡ ಒಕ್ಕೂಟದ ಪಟ್ಟಿಯಲ್ಲಿದ್ದರೂ ಸರಿ, ನನ್ನ ಹಡಗನ್ನು ದೋಚಿದವರಾದರೂ ಸರಿ, ನನ್ನ ಮತ ಅವರಿಗೆ.