ಡೀಸೆಲ್ ಯಾರದು, ನಿದ್ದೆ ಯಾರದು?

ಗಂಟೆಗೆ 45ರಿಂದ 55 ಕಿಲೋಮೀಟರ್ ವೇಗದಲ್ಲಿ ಓಡಿಸಿ, ಇಂಧನ ಉಳಿಸಿ. ಇದು ಸರ್ಕಾರದ ಉಪದೇಶ. 1978ರಲ್ಲಿ ಹುಟ್ಟಿದ ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನಾ ಸಂಘ ಇದನ್ನು ಹೇಳಿಕೊಂಡೇ ಬಂದಿದೆ. ಮಾತು ಸುಳ್ಳಲ್ಲ. ಆದರೆ ಉಳಿದದ್ದು ಯಾರ ಜೇಬಿಗೆ ಹೋಗುತ್ತೆ ಅಂತ ಉಪದೇಶದಲ್ಲಿ ಬರೆದಿಲ್ಲ. ನಾವು ಕೇಳ್ತಿರೋದು ಅದನ್ನೇ.

ಲಾರಿಯವರಿಗೆ ಬುದ್ಧಿ ಇಲ್ಲ, ಕುಡಿದು ಓಡಿಸ್ತಾರೆ, ಜೀವದ ಬೆಲೆ ಗೊತ್ತಿಲ್ಲ. ಬಸ್ಸಿನ ಕಿಟಕಿ ಪಕ್ಕ ಕೂತ ಸಭ್ಯರು ಹೀಗೆ ಮಾತಾಡ್ತಾರೆ. ನಮ್ಮ ಹಾಸ್ಟೆಲುಗಳಲ್ಲೂ ಕೆಲವರು ಹೀಗೇ ಮಾತಾಡ್ತಾರೆ, ಸ್ವಂತ ಅಣ್ಣ ಲಾರಿಯಲ್ಲಿ ಕ್ಲೀನರ್ ಆಗಿದ್ದರೂ. ಬುದ್ಧಿ ಮಾತು ಬಿಡೋಣ. ಲೆಕ್ಕ ಮಾಡೋಣ.

ಏಳನೇ ಕ್ಲಾಸಿನ ಕಾಲ-ದೂರದ ಲೆಕ್ಕವೇ ಸಾಕು. ಬೆಂಗಳೂರಿಂದ ಮುಂಬೈಗೆ ಹೆಚ್ಚೂ ಕಡಿಮೆ 1000 ಕಿಲೋಮೀಟರ್. ಲೋಡ್ ಹೊತ್ತ ಲಾರಿ 60ರ ವೇಗದಲ್ಲಿ ಓಡಿದರೆ 16 ಗಂಟೆ 40 ನಿಮಿಷ. 80ರಲ್ಲಿ ಓಡಿದರೆ 12 ಗಂಟೆ 30 ನಿಮಿಷ. ಉಳಿದದ್ದು 4 ಗಂಟೆ 10 ನಿಮಿಷ. ಈಗ ಡೀಸೆಲ್. ವೇಗ ಮೂರನೇ ಒಂದು ಪಾಲು ಏರಿದರೆ ಎದುರು ಗಾಳಿಯ ತಡೆ ಮೂರನೇ ಒಂದು ಪಾಲಲ್ಲ, ಮುಕ್ಕಾಲು ಪಾಲು ಏರುತ್ತದೆ. (ನಾವು ಆರ್ಟ್ಸ್ ಓದಿದವರು, ಅನುಮಾನ ಇದ್ದರೆ ಸೈನ್ಸ್ ಓದೋ ರೂಮ್‌ಮೇಟನ್ನ ಕೇಳಿ.) 60ರಲ್ಲಿ ಲೀಟರಿಗೆ 4 ಕಿಲೋಮೀಟರ್ ಕೊಡುವ ಲಾರಿಗೆ 250 ಲೀಟರ್ ಬೇಕು. 80ರಲ್ಲಿ 300 ಲೀಟರ್ ಕುಡಿಯಿತು ಅಂತ ಲೆಕ್ಕಕ್ಕೆ ಇಟ್ಟುಕೊಳ್ಳಿ. ಲೀಟರಿಗೆ 90 ರೂಪಾಯಿ ಹಿಡಿದರೆ 4500 ರೂಪಾಯಿ ಗಾಳಿಗೆ ಹೋಯಿತು.

ಹಾಗಾದರೆ ನಿಧಾನವೇ ಲಾಭ ಅಲ್ಲವಾ? ಯಾರಿಗೆ?

ಡ್ರೈವರನಿಗೆ ಕೂಲಿ ಗಂಟೆ ಲೆಕ್ಕದಲ್ಲಿ ಇಲ್ಲ. ಟ್ರಿಪ್‌ಗೆ ಇಷ್ಟು, ಮೇಲೆ ಬಾಟಾ ಇಷ್ಟು. ನಿಧಾನ ಹೋದರೆ ಆ 4500 ಮಾಲೀಕನ ಪುಸ್ತಕದಲ್ಲಿ ಉಳಿಯುತ್ತೆ, ಆ ನಾಲ್ಕು ಗಂಟೆ ಡ್ರೈವರನ ನಿದ್ದೆಯಲ್ಲಿ ಕಳೆಯುತ್ತೆ. ತಿಂಗಳಿಗೆ ಒಂದು ಟ್ರಿಪ್ ಕಡಿಮೆಯಾದರೆ ಒಂದು ಟ್ರಿಪ್ಪಿನ ಕೂಲಿಯೇ ಹೋಯಿತು. ಬೇಗ ಹೋದರೋ? ಅನೇಕ ಕಡೆ ಈ ಟ್ರಿಪ್‌ಗೆ ಡೀಸೆಲ್ ಇಷ್ಟೇ ಅಂತ ಅಳೆದು ಕೊಡ್ತಾರೆ. ಮೇಲೆ ಬಿದ್ದದ್ದು ಡ್ರೈವರನ ಕೈಯಿಂದ. ಬೇಗ ಬಾ ಅನ್ನೋನೂ ಅದೇ ಧಣಿ, ಮೈಲೇಜ್ ಯಾಕೆ ಬರಲಿಲ್ಲ ಅನ್ನೋನೂ ಅದೇ ಧಣಿ.

ಇದರ ನಡುವೆ ಸಿಕ್ಕವನು ಏನು ಮಾಡ್ತಾನೆ? ಇಳಿಜಾರು ಬಂದ ಕೂಡಲೇ ಗೇರ್ ನ್ಯೂಟ್ರಲ್‌ಗೆ ಹಾಕ್ತಾನೆ, ಕೆಲವರು ಇಂಜಿನ್ನೇ ಬಂದ್ ಮಾಡ್ತಾರೆ. ನಾಲ್ಕು ಲೀಟರ್ ಉಳಿಸೋಕೆ. ಬೆಂಗಳೂರು-ಮುಂಬೈ ರಸ್ತೆಯಲ್ಲೇ ಪುಣೆಯ ನವಲೆ ಸೇತುವೆ ಹತ್ತಿರ ಅಂಥ ಒಂದು ಇಳಿಜಾರಿದೆ. 2022ರ ನವೆಂಬರಿನಲ್ಲಿ ಅಲ್ಲಿ ಒಂದು ಲಾರಿ ಒಂದೇ ಏಟಿಗೆ ಹಲವಾರು ವಾಹನಗಳಿಗೆ ಗುದ್ದಿತು. ಇಂಜಿನ್ ಆಫ್ ಮಾಡಿ ಇಳಿಸಿದ್ದ ಅಂದರು ಪೊಲೀಸರು. ಕೇಸು ಡ್ರೈವರನ ಮೇಲೆ. ಡೀಸೆಲ್ ಅಳೆದು ಕೊಡುವ ಪದ್ಧತಿಯ ಮೇಲೆ ಯಾವ ಠಾಣೆಯಲ್ಲಿ ಕೇಸು ಹಾಕ್ತಾರೆ, ಹೇಳಿ?

ಅಷ್ಟು ಅವಸರ ಮಾಡಿ ಮುಟ್ಟಿದ ಮೇಲಾದರೂ ಏನಾಗುತ್ತೆ? ಗೋಡೌನಿನ ಗೇಟಿನಲ್ಲಿ ಲಾರಿ ನಿಲ್ಲುತ್ತದೆ. ಹಮಾಲರು ಬಂದಿಲ್ಲ, ಸಾಹೇಬರ ಊಟ ಆಗಿಲ್ಲ, ಇನ್ನೊಂದು ಕಾಗದ ಬೇಕು. ಒಂದು ದಿನ, ಕೆಲವು ಸಲ ಎರಡು ದಿನ. ವಾಪಸ್ ಲೋಡ್ ಸಿಗೋವರೆಗೆ ಟ್ರಾನ್ಸ್‌ಪೋರ್ಟ್ ಆಫೀಸಿನ ಮುಂದೆ ಮತ್ತೆ ಕಾಯಬೇಕು. 4500 ರೂಪಾಯಿ ಸುಟ್ಟು ಗಳಿಸಿದ ನಾಲ್ಕು ಗಂಟೆ ಗೇಟಿನ ಮುಂದೆ ಮಣ್ಣಾಯಿತು. ಹೀಗೆ ಕಾದದ್ದಕ್ಕೆ ಕೂಲಿ ಇಲ್ಲ. ಇದು ನಮಗೆ ಎಲ್ಲಕ್ಕಿಂತ ದೊಡ್ಡ ಮೋಸ ಅನ್ನಿಸ್ತದೆ. ಕಾಯಿಸಿದ್ದಕ್ಕೆ ದಂಡ ಇಲ್ಲದ ಕಡೆ ಕಾಯಿಸೋನು ಯಾಕೆ ಅವಸರ ಪಡ್ತಾನೆ?

ಸರಕಿಗೂ ಇಷ್ಟು ಅವಸರ ಇಲ್ಲ ಕಂಡ್ರಪ್ಪ! ಜಿಎಸ್‌ಟಿಯ ಇ-ವೇ ಬಿಲ್ಲು ನೋಡಿ. 2021ರ ಜನವರಿಯಿಂದ 200 ಕಿಲೋಮೀಟರಿಗೆ ಒಂದು ದಿನ ಅಂತ ವಾಯಿದೆ. ಅಂದರೆ 1000 ಕಿಲೋಮೀಟರಿಗೆ 5 ದಿನ. ಕಾಗದಕ್ಕೆ 5 ದಿನದ ಪುರುಸೊತ್ತು, ಮನುಷ್ಯನಿಗೆ ಒಂದೂವರೆ ರಾತ್ರಿ.

ಕಾನೂನು ಇರಲಿಲ್ಲ ಅಂತಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಅಂತ ಬರೆದಿತ್ತು. ಅದೂ 5 ಜನ ಕಾರ್ಮಿಕರಿಗಿಂತ ಕಡಿಮೆ ಇದ್ದ ಕಡೆಗೆ ತಾನಾಗಿ ಅನ್ವಯಿಸುತ್ತಿರಲಿಲ್ಲ. ನಮ್ಮ ದೇಶದ ಲಾರಿ ಮಾಲೀಕರಲ್ಲಿ ಹೆಚ್ಚಿನವರು ಒಂದೆರಡು ಲಾರಿಯವರು. ಅವರನ್ನೂ ನಾವು ಧಣಿಗಳ ಸಾಲಿನಲ್ಲಿ ನಿಲ್ಲಿಸೋದಿಲ್ಲ. ಸಾಲದ ಕಂತು, ಟೋಲು, ಟೈರು ಅವರ ಕುತ್ತಿಗೆ ಹಿಡಿದಿವೆ. ಬಾಡಿಗೆ ನಿಗದಿ ಮಾಡೋನು ಅವರಿಗೂ ಮೇಲಿದ್ದಾನೆ. ಸ್ಪೀಡ್ ಗವರ್ನರ್ ಕೂರಿಸಿ 80ಕ್ಕೆ ಕಡಿವಾಣ ಹಾಕಿದ ಸರ್ಕಾರ, ಕಾಯಿಸೋದಕ್ಕೆ ಯಾವ ಕಡಿವಾಣ ಕೂರಿಸಿದೆ?

ಕೂಲಿ ಬದಲಾಯಿಸದೆ ವೇಗ ಮಾತ್ರ ಇಳಿಸಿದರೆ ಏನಾಗುತ್ತೆ ಅನ್ನೋದಕ್ಕೆ ಅಮೆರಿಕ ಸಾಕ್ಷಿ. 1973ರಲ್ಲಿ ಅರಬ್ ದೇಶಗಳು ಎಣ್ಣೆ ನಿಲ್ಲಿಸಿದಾಗ ಡೀಸೆಲ್ ಬೆಲೆ ಏರಿತು. 1974ರ ಜನವರಿ 2ರಂದು ನಿಕ್ಸನ್ ಸಹಿ ಹಾಕಿದ ಕಾಯಿದೆ ಗಂಟೆಗೆ 55 ಮೈಲಿ ಮಿತಿ ತಂದಿತು. ಅಲ್ಲಿ ಕೂಲಿ ಮೈಲಿ ಲೆಕ್ಕ. ವೇಗ ಇಳಿದರೆ ದಿನಕ್ಕೆ ಮೈಲಿ ಕಡಿಮೆ, ದುಡ್ಡು ಕಡಿಮೆ. ಸ್ವಂತ ಲಾರಿಯ ಡ್ರೈವರುಗಳು ಡಿಸೆಂಬರಿನಲ್ಲೇ ಹೆದ್ದಾರಿಗೆ ಅಡ್ಡ ನಿಲ್ಲಿಸಿದ್ದರು. ಮುಂದಿನ ಎರಡು ತಿಂಗಳು ಮುಷ್ಕರ ಹಬ್ಬಿತು. ಅವರಿಗೆ ಡೀಸೆಲ್ ಉಳಿಸೋದು ಗೊತ್ತಿರಲಿಲ್ಲವಾ? ಗೊತ್ತಿತ್ತು. ಉಳಿತಾಯ ಅವರ ಕೂಲಿಯಿಂದ ಕಿತ್ತದ್ದು ಅಂತಲೂ ಗೊತ್ತಿತ್ತು.

ನಮ್ಮಲ್ಲೂ ಲಾರಿ ನಿಂತಿವೆ. 2025ರ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರ ತೆರಿಗೆ ಏರಿಸಿ ಡೀಸೆಲ್ ಸುಮಾರು 2 ರೂಪಾಯಿ ಜಾಸ್ತಿಯಾದಾಗ ಮಾಲೀಕರು ನಿಲ್ಲಿಸಿದರು. ಅದಕ್ಕೆ ಮುಂಚೆ, 2024ರ ಜನವರಿಯಲ್ಲಿ ಹಲವು ರಾಜ್ಯಗಳಲ್ಲಿ ಡ್ರೈವರುಗಳೇ ನಿಲ್ಲಿಸಿದರು. ಗುದ್ದಿ, ತಿಳಿಸದೆ ಓಡಿದರೆ 10 ವರ್ಷದವರೆಗೆ ಜೈಲು ಅನ್ನೋ ಹೊಸ ಕಲಮಿನ ವಿರುದ್ಧ. ಎರಡೇ ದಿನಕ್ಕೆ ಬಂಕುಗಳ ಮುಂದೆ ಕ್ಯೂ ಬೆಳೆಯಿತು, ಸರ್ಕಾರ ಮಾತಿಗೆ ಬಂತು. ಜುಲೈ 1ಕ್ಕೆ ನ್ಯಾಯ ಸಂಹಿತೆ ಜಾರಿಯಾದಾಗ ಆ ಉಪಕಲಮನ್ನು ಬಿಟ್ಟು ಜಾರಿ ಮಾಡಿದರು. ಅಂಥ ಶಕ್ತಿ ಇದ್ದವರು ಇನ್ನು ಕೇಳಬೇಕಾದ್ದು ಗಂಟೆ ಲೆಕ್ಕದ ಕೂಲಿ. ಗೇಟಿನಲ್ಲಿ ಕಾದ ಗಂಟೆಯೂ ಅದರಲ್ಲಿ ಸೇರಬೇಕು. ಉಳಿಸಿದ ಡೀಸೆಲ್‌ನಲ್ಲಿ ಓಡಿಸಿದವನಿಗೆ ಪಾಲು ಬೇಕು.

ಗೆಳೆಯರೆ, ಈ ಭಾನುವಾರ ನಿಮ್ಮ ಊರಿನ ಲಾರಿ ಸ್ಟ್ಯಾಂಡಿಗೆ ಒಂದು ನೋಟ್‌ಬುಕ್ ಹಿಡಿದು ಹೋಗಿ. ಡ್ರೈವರಣ್ಣನ ಜೊತೆ ಟೀ ಕುಡಿಯಿರಿ. ಹೋದ ಟ್ರಿಪ್ಪಿನಲ್ಲಿ ಎಷ್ಟು ಗಂಟೆ ಓಡಿಸಿದೆ, ಎಷ್ಟು ಗಂಟೆ ಕಾದೆ, ಎಷ್ಟು ಮಲಗಿದೆ, ಡೀಸೆಲ್‌ಗೆ ಕೈಯಿಂದ ಎಷ್ಟು ಹೋಯಿತು, ಕೈಗೆ ಎಷ್ಟು ಬಂತು ಅಂತ ಕೇಳಿ ಬರೆದುಕೊಳ್ಳಿ. ಹೆಸರು, ಗಾಡಿ ನಂಬರು ಬರೆಯಬೇಡಿ, ಅವನ ಕೆಲಸಕ್ಕೆ ಕುತ್ತು ಬರಬಾರದು. ಹತ್ತು ಜನರದ್ದು ಸೇರಿದ ಮೇಲೆ ನಮಗೆ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಗೇ ಹಾಕ್ತೀವಿ.