ಒಳ್ಳೆಯ ಪರದೆ ಆಡಂಬರವಲ್ಲ

ಮಲೆನಾಡಿನ ಮನೆಗಳಲ್ಲಿ ಕಂಪ್ಯೂಟರ್ ಇಂದು ವಿದ್ಯಾರ್ಥಿಯ ಪಾಠಕ್ಕೂ ಕೃಷಿಕನ ಕಡತಕ್ಕೂ ಬಳಕೆಯಾಗುತ್ತಿದೆ. ಆದರೆ ಅದನ್ನು ಕೊಳ್ಳುವಾಗ ನಮ್ಮ ವಿಚಾರಣೆಯೆಲ್ಲ ಪ್ರೊಸೆಸರ್, ಮೆಮೊರಿಗಳಲ್ಲೇ ಮುಗಿಯುತ್ತದೆ. ದಿನವಿಡೀ ಕಣ್ಣಿಗೆ ಎದುರಾಗಿರುವ ಮಾನಿಟರ್ ಮಾತ್ರ ಅಂಗಡಿಯವರು ಕೊಟ್ಟದ್ದೇ ಆಗಿರುತ್ತದೆ. ಈ ಉದಾಸೀನ ಸಲ್ಲದು.

ನಮ್ಮ ಬದುಕಿನ ನಿರ್ಧಾರಗಳು ಇಂದು ಪರದೆಯ ಮೇಲೆಯೇ ತೆರೆದುಕೊಳ್ಳುತ್ತಿವೆ. ಭೂಮಾಪನ ಇಲಾಖೆಯ ಗ್ರಾಮ ನಕ್ಷೆಗಳು ಅಂತರ್ಜಾಲದಲ್ಲಿ ದೊರೆಯುತ್ತವೆ. ಪಶ್ಚಿಮಘಟ್ಟದ ಪರಿಸರ ಸೂಕ್ಷ್ಮ ಪ್ರದೇಶ ಕುರಿತು 2024ರ ಜುಲೈನಲ್ಲಿ ಕೇಂದ್ರ ಸರ್ಕಾರ ಕರಡು ಅಧಿಸೂಚನೆ ಹೊರಡಿಸಿದಾಗ ಆಕ್ಷೇಪಣೆಗೆ ದೊರೆತ ಅವಧಿ 60 ದಿನಗಳು. ಅಷ್ಟರೊಳಗೆ ನಕ್ಷೆಯ ಗೆರೆ ಯಾವ ಹಳ್ಳದ ಆಚೆ, ಯಾವ ಸೊಪ್ಪಿನ ಬೆಟ್ಟದ ಈಚೆ ಹಾದುಹೋಗಿದೆ ಎಂಬುದನ್ನು ಓದಲಾಗದವನು ಪರವಾಗಿಯಾಗಲಿ ವಿರೋಧವಾಗಿಯಾಗಲಿ ಏನನ್ನು ಬರೆದಾನು? ಮೊಬೈಲಿನಲ್ಲಿ ನಕ್ಷೆಯನ್ನು ಹಿಗ್ಗಿಸಬಹುದು ನಿಜ. ಆದರೆ ಹಿಗ್ಗಿಸಿದೊಡನೆ ನೆರೆಯ ಸರ್ವೆ ನಂಬರುಗಳು ಕಣ್ಮರೆಯಾಗುತ್ತವೆ. ವಿವರ ಹಾಗೂ ವಿಸ್ತಾರ ಎರಡೂ ಒಟ್ಟಿಗೆ ಕಾಣಬೇಕಾದರೆ ದೊಡ್ಡದಾದ, ಸೂಕ್ಷ್ಮವಾದ ಪರದೆ ಬೇಕು.

ಎಷ್ಟು ಸೂಕ್ಷ್ಮ ಎಂಬುದಕ್ಕೆ ಕಣ್ಣೇ ಅಳತೆಗೋಲು. ಆರೋಗ್ಯವಂತ ಕಣ್ಣು 60 ಸೆಂಟಿಮೀಟರ್ ದೂರದಿಂದ ಸುಮಾರು 0.17 ಮಿಲಿಮೀಟರ್ ಅಂತರವನ್ನು ಗುರುತಿಸಬಲ್ಲದು. ಸುಮಾರು 21 ಲಕ್ಷ ಬಿಂದುಗಳ ಫುಲ್ ಎಚ್‌ಡಿ ಪರದೆ 24 ಇಂಚಿನದಾದರೆ ಅದರ ಒಂದೊಂದು ಬಿಂದುವಿನ ಅಗಲ 0.28 ಮಿಲಿಮೀಟರ್, ಅದೇ ಬಿಂದುಗಳನ್ನು 27 ಇಂಚಿಗೆ ಹರಡಿದರೆ 0.31. ಅಂದರೆ ಗಾತ್ರ ಹೆಚ್ಚಿದಂತೆ ಚಿತ್ರ ಒರಟಾಗುತ್ತದೆ. 27 ಇಂಚಿನಲ್ಲಿ 37 ಲಕ್ಷ ಬಿಂದುಗಳ ಕ್ಯೂಎಚ್‌ಡಿ ಪರದೆಗೆ ಈ ಅಳತೆ 0.23, 83 ಲಕ್ಷ ಬಿಂದುಗಳ 4ಕೆ ಪರದೆಗೆ 0.16. ಕಣ್ಣಿನ ಮಿತಿ ಅಲ್ಲಿಗೆ ಮುಗಿಯಿತು. ಅದನ್ನು ಮೀರಿದ ಬಿಂದುಗಳಿಗೆ ಹಣ ಸುರಿಯುವುದು ವ್ಯರ್ಥ. ಕನ್ನಡಿಗರಿಗೆ ಇದರಲ್ಲಿ ವಿಶೇಷ ಲಾಭವುಂಟು. 'ರಾಷ್ಟ್ರ' ಎಂಬಲ್ಲಿ ಒಂದೇ ಅಕ್ಷರದಡಿ ಎರಡು ಒತ್ತುಗಳಿವೆ. ಒರಟು ಪರದೆಯಲ್ಲಿ ಅವು ಕಲೆತು ಮಸಿಯ ಚುಕ್ಕೆಯಾಗುತ್ತವೆ.

ಆದುದರಿಂದ ನನ್ನ ಸಲಹೆ ಹೀಗಿದೆ. ಪಾಠ, ಪತ್ರ, ಲೆಕ್ಕಪತ್ರಗಳಷ್ಟೇ ಇದ್ದರೆ 24 ಇಂಚಿನ ಫುಲ್ ಎಚ್‌ಡಿ ಸಾಕು. ನಕ್ಷೆ, ಎಲೆಚುಕ್ಕೆ ರೋಗದ ಚಿತ್ರ, ದೀರ್ಘ ಬರವಣಿಗೆಯ ಕೆಲಸವಿದ್ದರೆ 27 ಇಂಚಿನ ಕ್ಯೂಎಚ್‌ಡಿ, ಅನುಕೂಲವಿದ್ದರೆ 4ಕೆ. 27 ಇಂಚಿನ ಫುಲ್ ಎಚ್‌ಡಿ ಅಗ್ಗವೆಂದು ತರುವುದು ಬೇಡ. ಪಕ್ಕದಲ್ಲಿ ಕುಳಿತವರಿಗೂ ಬಣ್ಣ ಬದಲಾಗದೆ ಕಾಣುವ ಐಪಿಎಸ್ ಫಲಕವನ್ನೇ ಕೇಳಿರಿ. ಬಾಗಿದ ಪರದೆ, ಆಟಗಾರರಿಗಾಗಿ ಮಾಡಿದ 144 ಹರ್ಟ್ಸ್ ವೇಗ, ಅಗ್ಗದ ಮಾದರಿಗಳ ಮೇಲಿನ ಎಚ್‌ಡಿಆರ್ ಚೀಟಿ, ಇವನ್ನು ಬಿಟ್ಟರೆ ಉಳಿಯುವ ಹಣದಲ್ಲಿ ಬಿಂದುಗಳನ್ನು ಕೊಳ್ಳಬಹುದು. 4ಕೆ ಕೊಳ್ಳುವ ಮುನ್ನ ಕಂಪ್ಯೂಟರಿನಲ್ಲಿ ಎಚ್‌ಡಿಎಂಐ 2.0 ಅಥವಾ ಡಿಸ್‌ಪ್ಲೇಪೋರ್ಟ್ 1.2 ಇದೆಯೇ ಎಂದು ನೋಡಿಕೊಳ್ಳಿ, ಎಚ್‌ಡಿಎಂಐ 1.4ರಲ್ಲಿ ಸೆಕೆಂಡಿಗೆ 30 ಚಿತ್ರಗಳಷ್ಟೇ ಮೂಡಿ ಮೌಸಿನ ಬಾಣವೂ ತಡವರಿಸುತ್ತದೆ.

ಪರಿಸರದ ಮಾತನಾಡುವವರು ಇಂತಹ ವಸ್ತುವನ್ನು ಸಮರ್ಥಿಸಬಹುದೇ ಎಂಬ ಪ್ರಶ್ನೆ ನ್ಯಾಯವಾದುದೇ. 30 ವ್ಯಾಟ್‌ನ ಪರದೆ ದಿನಕ್ಕೆ 6 ಗಂಟೆ ಉರಿದರೆ ವರ್ಷಕ್ಕೆ ಸುಮಾರು 66 ಯೂನಿಟ್ ವಿದ್ಯುತ್ ಬೇಕು. ಬೆಳಕನ್ನು ತಗ್ಗಿಸಿದರೆ ಇದೂ ತಗ್ಗುತ್ತದೆ. ಅದಕ್ಕಿಂತ ಭಾರವಾದುದು ತ್ಯಾಜ್ಯ: ಹಳೆಯ ಪೆಟ್ಟಿಗೆ ಮಾನಿಟರಿನ ಗಾಜಿನಲ್ಲಿ ಸೀಸವಿದೆ, ಹಳೆಯ ಎಲ್‌ಸಿಡಿಗಳ ದೀಪದಲ್ಲಿ ಪಾದರಸವಿದೆ. ಇವು ಗುಜರಿಯ ಮೂಲಕ ಹಳ್ಳಕ್ಕೆ ಸೇರಬಾರದು. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳಂತೆ ನೋಂದಾಯಿತ ಮರುಬಳಕೆದಾರರಿಗೆ ತಲುಪಬೇಕು. ಅಗ್ಗದ ಪರದೆಯನ್ನು ಮತ್ತೆ ಮತ್ತೆ ಬದಲಿಸುವುದಕ್ಕಿಂತ, ಎರಡು ಕಂಪ್ಯೂಟರುಗಳ ಆಯುಷ್ಯ ಬಾಳುವ ಒಂದನ್ನು ಕೊಂಡು ಜೋಪಾನ ಮಾಡುವುದೇ ಮಿತವ್ಯಯ. ಗುಡುಗು ಕೇಳಿಸಿದೊಡನೆ ವಿದ್ಯುತ್ ತಂತಿಯ ಜೊತೆಗೆ ಇಂಟರ್ನೆಟ್ ತಂತಿಯನ್ನೂ ಕೀಳುವುದು ಆ ಜೋಪಾನದ ಮೊದಲ ಪಾಠ.

ಪ್ರತಿ ಮನೆಗೂ 4ಕೆ ಬೇಕಿಲ್ಲ. ಊರಿನ ಸಹಕಾರ ಸಂಘದಲ್ಲೋ ಪಂಚಾಯಿತಿ ಗ್ರಂಥಾಲಯದಲ್ಲೋ ಎಲ್ಲರೂ ಸೇರಿ ಒಂದನ್ನು ಇಟ್ಟರೆ, ಮುಂದಿನ ಕರಡು ಬಂದಾಗ ಹತ್ತು ಮಂದಿ ಅದರ ಮುಂದೆ ಕುಳಿತು ತಮ್ಮ ನೆಲದ ಗೆರೆಯನ್ನು ತಾವೇ ಓದಬಹುದು. ಇನ್ನೊಬ್ಬರು ಓದಿ ಹೇಳಿದ ನಕ್ಷೆಯನ್ನು ನಂಬಿ ಸಹಿ ಹಾಕುವ ಕಾಲ ಅಲ್ಲಿಗೆ ಮುಗಿಯಲಿ.